ಪರದೆ ಕಪ್ಪಾದರೆ ಸರ್ವರ್ ಸತ್ತಿದೆ ಅಂತಲ್ಲ

ಮಾನ್ಯ ಸಂಪಾದಕರೇ,

ಹೋದ ಮಳೆಗಾಲದಲ್ಲಿ ಶಿರಸಿ ಕಡೆಯ ಒಂದು ಸಹಕಾರ ಸಂಘದ ಬಾಗಿಲಿಗೆ ‘ಸರ್ವರ್ ಡೌನ್, ನಾಳೆ ಬನ್ನಿ’ ಅಂತ ರಟ್ಟು ನೇತುಹಾಕಿದ್ದರು. ಅಡಿಕೆ ದುಡ್ಡಿಗೆ ಅಂತ ಬಸ್ಸು ಹತ್ತಿ ಬಂದವರು ಒದ್ದೆ ಕೊಡೆ ಹಿಡಿದು ಜಗುಲಿಯಲ್ಲಿ ಕೂತಿದ್ದರು. ನಾನೂ ಅವರಲ್ಲೊಬ್ಬ. ಕಂಪ್ಯೂಟರ್ ಕೆಲಸ ಸ್ವಲ್ಪ ಗೊತ್ತಿದ್ದರಿಂದ ಸುಮ್ನೆ ಕೂರಲಾಗದೆ ಒಳಗೆ ಹೋದೆ.

ಸರ್ವರಿನ ಪರದೆ ಪೂರ್ತಿ ಕಪ್ಪು. ಎಡಮೂಲೆಯಲ್ಲಿ ಒಂದು ಗೆರೆ ಮಿನುಗುತ್ತಿತ್ತು, ಅಷ್ಟೇ. ರಿಪೇರಿಯವರು ಫೋನಿನಲ್ಲೇ ‘ಫಾರ್ಮ್ಯಾಟ್ ಮಾಡಬೇಕು, ಎರಡು ದಿನ ಹಿಡಿಯುತ್ತದೆ’ ಅಂದಿದ್ದರಂತೆ. ನೆಗಡಿಯಾಯಿತು ಅಂತ ಮೂಗು ಕೊಯ್ಯುವ ಮಾತು! ಕೌಂಟರಿನ ಕಂಪ್ಯೂಟರ್ ಹಚ್ಚಿ ನೋಡಿ ಅಂದೆ. ಬಿಲ್ಲಿನ ಸಾಫ್ಟ್‌ವೇರ್ ಆರಾಮಾಗಿ ತೆರೆದುಕೊಂಡಿತು, ಅಂದರೆ ಸರ್ವರ್ ಒಳಗೆ ಕೆಲಸ ಮಾಡುತ್ತಲೇ ಇತ್ತು. ಬೆಳಿಗ್ಗೆಯಿಂದ ಯಾರೂ ಅದನ್ನು ಮುಟ್ಟಿಯೇ ಇರಲಿಲ್ಲ.

ಆ ಸರ್ವರಿನಲ್ಲಿದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ. ಅದರಲ್ಲಿ ಕಿಟಕಿ, ಮೌಸ್ ಬಾಣ ಎಲ್ಲ ತೋರಿಸುವುದು ಬೇರೆಯೇ ಪ್ರೋಗ್ರಾಂ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾದ ಎಕ್ಸ್ ವಿಂಡೋ ಇವತ್ತಿಗೂ ಎಷ್ಟೋ ಕಡೆ ಆ ಕೆಲಸ ಮಾಡುತ್ತಿದೆ. ಅದು ಬಿದ್ದರೂ ಒಳಗಿನ ಲೆಕ್ಕಪತ್ರ ತನ್ನ ಪಾಡಿಗೆ ನಡೆಯುತ್ತಿರುತ್ತದೆ.

ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದೆ. ಬರೀ ಅಕ್ಷರಗಳ ಲಾಗಿನ್ ಬಂತು. (ಪಾಸ್‌ವರ್ಡ್ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದರು, ಅದು ಬೇರೆ ಕತೆ.) ಜಾಗ ಎಷ್ಟಿದೆ ಅಂತ ‘ಡಿಎಫ್’ ಕೊಟ್ಟು ನೋಡಿದರೆ ಸಿಸ್ಟಂ ಇರುವ ಭಾಗ 100 ಪರ್ಸೆಂಟ್ ಭರ್ತಿ. ಬಿಲ್ಲಿನ ಡೇಟಾ ಪುಣ್ಯಕ್ಕೆ ಬೇರೆ ಡಿಸ್ಕಿನಲ್ಲಿತ್ತು. ಯುಪಿಎಸ್‌ನ ಯುಎಸ್‌ಬಿ ವೈರು ಸಡಿಲವಾಗಿ, ‘ಸಂಪರ್ಕ ತಪ್ಪಿದೆ’ ಅಂತ ಕೆಲವೇ ಸೆಕೆಂಡಿಗೊಂದು ಸಾಲು ಲಾಗ್ ಫೈಲಿಗೆ (ಸಿಸ್ಟಂ ತನ್ನ ಆಗುಹೋಗು ಬರೆದಿಡುವ ಫೈಲು) ಬೀಳುತ್ತಾ ಅದು ತಿಂಗಳುಗಟ್ಟಲೆ ಬೆಳೆದಿತ್ತು. ಲಾಗಿನ್ ಆಗುವಾಗ ಡೆಸ್ಕ್‌ಟಾಪಿಗೂ ಒಂದೆರಡು ಫೈಲು ಬರೆಯಬೇಕಾಗುತ್ತದೆ, ಜಾಗವೇ ಇಲ್ಲದಿದ್ದರೆ ಏನು ಮಾಡೀತು? ಆ ಲಾಗ್ ಫೈಲನ್ನು ಡಿಲೀಟ್ ಮಾಡದೆ ಖಾಲಿ ಮಾಡಿದೆ. ಯಾಕೆಂದರೆ ಒಂದು ಪ್ರೋಗ್ರಾಂ ತೆರೆದಿಟ್ಟುಕೊಂಡ ಫೈಲನ್ನು ಡಿಲೀಟ್ ಮಾಡಿದರೂ, ಆ ಪ್ರೋಗ್ರಾಂ ಅದನ್ನು ಮುಚ್ಚುವವರೆಗೆ ಜಾಗ ವಾಪಸ್ ಸಿಗುವುದಿಲ್ಲ. ವೈರು ಒತ್ತಿ ಕೂರಿಸಿ, ಡಿಸ್‌ಪ್ಲೇ ಮ್ಯಾನೇಜರನ್ನು (ಚಿತ್ರದ ಲಾಗಿನ್ ಪರದೆ ತೋರಿಸುವ ಪ್ರೋಗ್ರಾಂ) ರೀಸ್ಟಾರ್ಟ್ ಮಾಡಿದ ಮೇಲೆ ಪರದೆ ಬಂತು. ಹತ್ತಿಪ್ಪತ್ತು ನಿಮಿಷದ ಕೆಲಸ.

ಎಲ್ಲ ಸಲವೂ ಇದೇ ಕಾರಣ ಇರಬೇಕೆಂದಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಅಪ್‌ಡೇಟ್ ಆದ ಮೇಲೆ ಗ್ರಾಫಿಕ್ಸ್ ಡ್ರೈವರ್ ಹೊಂದದೆ ಹೋಗುವುದೂ ಉಂಟು. ಆಗ ಎಕ್ಸ್‌ಆರ್ಗ್ (ಎಕ್ಸ್ ವಿಂಡೋದ ಈಗಿನ ಪ್ರೋಗ್ರಾಂ) ಲಾಗ್ ಫೈಲಿನಲ್ಲಿ ತಪ್ಪು ತೋರಿಸುವ ‘ಇಇ’ ಗುರುತಿನ ಸಾಲು ಹುಡುಕಿ. ಕೀಬೋರ್ಡೂ ಸ್ಪಂದಿಸದಿದ್ದರೆ ಪಕ್ಕದ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ (ನೆಟ್‌ವರ್ಕಿನಲ್ಲಿ ಇನ್ನೊಂದು ಕಂಪ್ಯೂಟರಿಗೆ ಲಾಗಿನ್ ಆಗುವ ದಾರಿ) ಮೂಲಕ ಒಳಗೆ ಹೋಗಬಹುದು. ಗಾಬರಿಯಲ್ಲಿ ಪವರ್ ಬಟನ್ ಒತ್ತಿ ಹಿಡಿಯಬೇಡಿ, ಡೇಟಾ ಕೆಡುವುದು ಅಲ್ಲೇ.

ಸಣ್ಣ ಊರಿನ ಸಂಘ, ಸೊಸೈಟಿಯವರಲ್ಲಿ ಒಂದು ಮಾತು. ಮೂಲೆಯಲ್ಲಿ ಕೂತು ಲೆಕ್ಕ ಇಡುವ ಸರ್ವರಿಗೆ ಈ ಚಿತ್ರದ ಪರದೆ ಬೇಕೇ ಬೇಕಾ? ಅದಿಲ್ಲದೆ ಶುರುವಾಗುವ ಹಾಗೆ ಒಂದೇ ಕಮಾಂಡಿನಲ್ಲಿ ಬದಲಿಸಬಹುದು. ಯಾರಾದರೂ ಫಾರ್ಮ್ಯಾಟ್ ಅಂದರೆ, ಮೊದಲು ಅಕ್ಷರದ ಲಾಗಿನ್ ತೋರಿಸಿ ಅಂತ ಕೇಳಿ.

ಅವತ್ತು ಬಾಗಿಲಿನ ರಟ್ಟು ತೆಗೆಯುವುದು ಯಾರಿಗೂ ನೆನಪಾಗಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಬಂದ ಇಬ್ಬರು ಅದನ್ನೇ ಓದಿ ವಾಪಸ್ ಹೋದರು.

ಒಬ್ಬ ಓದುಗ, ಶಿರಸಿ