ಬೆಣ್ಣೆ ಬಿಸ್ಕತ್ತಿನ ಘಮ ಕಡಿಮೆಯಾಗಿದ್ದು ಯಾಕೆ? ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ,

ಕಳೆದ ಮೂರು ವಾರದಿಂದ ಬೇಕರಿಗೆ ಬರುತ್ತಿರುವ ಫೋನ್‌ಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ‘ಪ್ಯಾಕೆಟ್ ಒಡೆದರೆ ಮೊದಲಿನ ಘಮ ಇಲ್ಲವಲ್ಲ, ಹಳೇ ಸ್ಟಾಕ್ ಕಳಿಸಿದ್ರಾ?’ ಮುಂಬೈನ ಮಾಟುಂಗಾದಲ್ಲಿರುವ ಹಿರಿಯರೊಬ್ಬರು ನಮ್ಮ ತಂದೆಯ ಕಾಲದಿಂದ ಬಿಸ್ಕತ್ತು ತರಿಸಿಕೊಳ್ಳುವವರು. ಅವರಂತೂ ‘ಏನಮ್ಮಾ, ಬೆಣ್ಣೆ ಉಳಿಸೋಕೆ ಶುರು ಮಾಡಿದ್ರಾ?’ ಎಂದು ನೇರವಾಗಿ ಕೇಳಿಬಿಟ್ಟರು.

ಆಗಿರುವುದು ಅದರ ಉಲ್ಟಾ. ಬೆಣ್ಣೆ ಜಾಸ್ತಿಯಾಗಿದೆ. ನಿಂತಿರುವುದು ಬೆಣ್ಣೆ ಎಸೆನ್ಸ್. ಇಷ್ಟು ವರ್ಷ ನೀವು ಬೆಣ್ಣೆಯ ಘಮ ಅಂದುಕೊಂಡಿದ್ದರಲ್ಲಿ ಬಹುಪಾಲು ಐದು ಲೀಟರಿನ ಒಂದು ಪ್ಲಾಸ್ಟಿಕ್ ಕ್ಯಾನಿನಿಂದ ಬರುತ್ತಿತ್ತು. ಬದಲಾವಣೆ ಮಾಡುವ ಮೊದಲೇ ನಿಮಗೆ ಹೇಳಬೇಕಿತ್ತು. ಹೇಳಲಿಲ್ಲ, ತಪ್ಪಾಯಿತು.

ಲೆಕ್ಕ ಒಪ್ಪಿಸಿಬಿಡುತ್ತೇವೆ. ನಮ್ಮ ಒಂದು ಕಲಸಿಗೆ 30 ಕಿಲೋ ಮೈದಾ, 9 ಕಿಲೋ ಸಕ್ಕರೆ, 15 ಕಿಲೋ ಜಿಡ್ಡು. ಈ 15 ಕಿಲೋದಲ್ಲಿ ಮೊದಲು 12 ಕಿಲೋ ವನಸ್ಪತಿ, 3 ಕಿಲೋ ಮಾತ್ರ ಬೆಣ್ಣೆ. ಮೇಲೆ 90 ಮಿಲಿಲೀಟರ್ ಎಸೆನ್ಸ್. ಹೆಸರು ಮಾತ್ರ ಬೆಣ್ಣೆ ಬಿಸ್ಕತ್ತು! ಕಾನೂನು ಪ್ರಕಾರ ಪ್ಯಾಕೆಟ್ಟಿನ ಹಿಂದೆ ಸುವಾಸನೆ ಸೇರಿಸಿದೆ ಎಂದು, ಅದು ‘ನೇಚರ್ ಐಡೆಂಟಿಕಲ್’ (ಪ್ರಕೃತಿಯಲ್ಲಿ ಸಿಗುವುದನ್ನೇ ಕಾರ್ಖಾನೆಯಲ್ಲಿ ತಯಾರಿಸಿದ್ದು) ಎಂದು ಸಣ್ಣ ಅಕ್ಷರದಲ್ಲಿ ಹಾಕಿದ್ದೆವು. ಯಾರು ಓದುತ್ತಾರೆ ಅದನ್ನು? ಓದಿದರೂ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಈ ವರ್ಗದ ಸುವಾಸನೆಗೆ ವರ್ಗದ ಹೆಸರು ಹಾಕಿದರೆ ಸಾಕು, ಒಳಗಿನ ರಾಸಾಯನಿಕದ ಹೆಸರು ಬೇಡ.

ಈಗ 15ಕ್ಕೆ 15 ಕಿಲೋವೂ ಬೆಣ್ಣೆ. ಅದಕ್ಕೇ 250 ಗ್ರಾಂ ಪ್ಯಾಕೆಟ್ 90 ರೂಪಾಯಿಯಿಂದ 115 ಆಗಿದೆ.

ಎಸೆನ್ಸ್ ಬಿಟ್ಟಿದ್ದು ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸುಮ್ನೆ ‘ಕೆಮಿಕಲ್ ಬಿಟ್ಟೆವು’ ಅಂದರೆ ನೀವು ಇಷ್ಟು ದಿನ ವಿಷ ತಿಂದಿರಿ ಎಂದು ಹೆದರುತ್ತೀರಿ. ಹಾಗೇನೂ ಇಲ್ಲ.

ನಮ್ಮಲ್ಲಿ ಹಿಟ್ಟು ಕಲಸುವ ಹುಡುಗನಿಗೆ ಒಂದು ವರ್ಷದಿಂದ ಒಣ ಕೆಮ್ಮು. ಮೈದಾ ಧೂಳು ಅಂದುಕೊಂಡೆವು. ಬೇಕರಿಯವರಿಗೆ ಅದು ಹೊಸದಲ್ಲ, ಹಿಟ್ಟಿನ ಧೂಳಿಗೇ ಉಬ್ಬಸ ಬರುವವರಿದ್ದಾರೆ. ಊರ ಜಾತ್ರೆಗೆಂದು ಹತ್ತು ದಿನ ಹೋಗಿ ಬಂದವನು, ‘ಅಕ್ಕಾ, ಅಲ್ಲಿ ಒಂದಿನಾನೂ ಕೆಮ್ಮು ಬರ್ಲಿಲ್ಲ’ ಅಂದ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆಗೆ ಸ್ಟೆತಸ್ಕೋಪ್ ಇಡುವ ಮೊದಲೇ ಒಂದು ಪ್ರಶ್ನೆ ಕೇಳಿದರು: ‘ಅಲ್ಲಿ ಏನೇನು ಬೆರೆಸ್ತೀರಿ?’ ಮೈದಾ, ಸಕ್ಕರೆ, ಸೋಡ ಎಂದು ಹೇಳುತ್ತಾ ಬಂದೆ. ಬೆಣ್ಣೆ ಎಸೆನ್ಸ್ ಅಂದಾಗ ಅವರು ಪೆನ್ನು ಕೆಳಗಿಟ್ಟು, ‘ಅದರಲ್ಲಿ ಡೈಅಸಿಟೈಲ್ ಇದೆಯಾ, ವಿಚಾರಿಸಿ’ ಅಂದರು.

ಎಸೆನ್ಸ್ ಕಳಿಸುವವರಿಂದ ವಿವರದ ಹಾಳೆ ತರಿಸಿದೆವು. ಇತ್ತು, ನೂರಕ್ಕೆ 4 ಭಾಗ.

ಡೈಅಸಿಟೈಲ್ ಬಹಳ ಸಣ್ಣ ಅಣು. 88 ಡಿಗ್ರಿಗೇ ಕುದಿಯುತ್ತದೆ, ನೀರಿಗಿಂತ ಬೇಗ ಆವಿಯಾಗುತ್ತದೆ. ಬೆಣ್ಣೆಗೆ ಬೆಣ್ಣೆಯ ವಾಸನೆ ಕೊಡುವುದರಲ್ಲಿ ಇದರ ಪಾಲು ದೊಡ್ಡದು. ತಿನ್ನುವುದಕ್ಕೆ ಇದು ಸುರಕ್ಷಿತವೇ ಎಂದು ನೋಡಿದವರು ಇದ್ದಾರೆ. 1969ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳ ಹೊಟ್ಟೆಗೆ 90 ದಿನ ಬೇರೆ ಬೇರೆ ಪ್ರಮಾಣದಲ್ಲಿ ಇದನ್ನು ಕೊಟ್ಟು ನೋಡಿದರು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 540 ಮಿಲಿಗ್ರಾಂ ಕೊಟ್ಟ ಇಲಿಗಳ ತೂಕ ಸರಿಯಾಗಿ ಏರಲಿಲ್ಲ, ಹೊಟ್ಟೆಯಲ್ಲಿ ಹುಣ್ಣಾಯಿತು. 90 ಮಿಲಿಗ್ರಾಂ ಕೊಟ್ಟವಕ್ಕೆ ಏನೂ ಆಗಲಿಲ್ಲ. ಸುವಾಸನೆಗಳನ್ನು ಪರಿಶೀಲಿಸುವ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಜಂಟಿ ತಜ್ಞ ಸಮಿತಿ ಕೂಡ, ಜನ ಈಗ ತಿನ್ನುತ್ತಿರುವ ಪ್ರಮಾಣದಲ್ಲಿ ಡೈಅಸಿಟೈಲ್‌ನಿಂದ ಆತಂಕವಿಲ್ಲ ಎಂದೇ ಹೇಳಿದೆ.

ನಮ್ಮ ಬಿಸ್ಕತ್ತಿನ ಲೆಕ್ಕವನ್ನೂ ಹಾಕಿ ನೋಡಿದೆವು. 90 ಮಿಲಿಲೀಟರ್ ಎಸೆನ್ಸ್‌ನಲ್ಲಿ ಸುಮಾರು 3,600 ಮಿಲಿಗ್ರಾಂ ಡೈಅಸಿಟೈಲ್. ಒಟ್ಟು 54 ಕಿಲೋ ಹಿಟ್ಟಿನಲ್ಲಿ 12 ಗ್ರಾಂನ 4,500 ಬಿಸ್ಕತ್ತು ಆಗುತ್ತವೆ. ಅಂದರೆ ಒಂದಕ್ಕೆ 0.8 ಮಿಲಿಗ್ರಾಂ. ಇಲಿಗೆ ಏನೂ ಆಗದ ಪ್ರಮಾಣವನ್ನು 100ರಿಂದ ಭಾಗಿಸಿ ಮನುಷ್ಯರಿಗೆ ಮಿತಿ ಇಡುವುದು ಈ ಕ್ಷೇತ್ರದ ಸಾಮಾನ್ಯ ರೂಢಿ. ಇಲಿಗೂ ನಮಗೂ ಇರುವ ವ್ಯತ್ಯಾಸಕ್ಕೆ ಹತ್ತು, ಗಟ್ಟಿಮುಟ್ಟಾದವರಿಗೂ ನಾಜೂಕಿನವರಿಗೂ ಇರುವ ವ್ಯತ್ಯಾಸಕ್ಕೆ ಇನ್ನೊಂದು ಹತ್ತು. ಆ ರೂಢಿಯಂತೆ 60 ಕಿಲೋ ತೂಕದವರಿಗೆ ದಿನಕ್ಕೆ 54 ಮಿಲಿಗ್ರಾಂ ಆಯಿತು. ಅಷ್ಟಾಗಬೇಕಾದರೆ 67 ಬಿಸ್ಕತ್ತು ತಿನ್ನಬೇಕು. ಅದೂ ಓವನ್‌ನಲ್ಲಿ ಒಂದು ಚೂರೂ ಹಾರಿಹೋಗಿಲ್ಲ ಎಂದು ಹಿಡಿದರೆ. 67 ಬಿಸ್ಕತ್ತು ತಿಂದವರಿಗೆ ಬೇರೆ ತೊಂದರೆಗಳು ಮೊದಲು ಬರುತ್ತವೆ ಬಿಡಿ.

ಆದ್ದರಿಂದ ಹಳೆಯ ಪ್ಯಾಕೆಟ್ ಮನೆಯಲ್ಲಿ ಉಳಿದಿದ್ದರೆ ಧಾರಾಳವಾಗಿ ತಿನ್ನಿ.

ತೊಂದರೆ ಇದ್ದದ್ದು ಕಲಸುವ ಕೋಣೆಯಲ್ಲಿ. ತಿಂದ ಡೈಅಸಿಟೈಲ್ ಹೊಟ್ಟೆಗೆ ಹೋಗುತ್ತದೆ, ರಕ್ತಕ್ಕೆ ಸೇರುತ್ತದೆ, ದೇಹ ಅದನ್ನು ಬೇರೆ ಪದಾರ್ಥವಾಗಿ ಬದಲಿಸಿ ಸಾಗಹಾಕುತ್ತದೆ. ಉಸಿರಲ್ಲಿ ಹೋದದ್ದು ನೇರವಾಗಿ ಶ್ವಾಸನಾಳದ ತೆಳು ಒಳಪದರಕ್ಕೆ ತಾಗುತ್ತದೆ, ಅಲ್ಲಿನ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತದೆ. ಬೆಣ್ಣೆ ಸುವಾಸನೆಯ ಆವಿಯನ್ನು ಉಸಿರಾಡಿಸಿದ ಇಲಿಗಳಲ್ಲಿ ಆ ಪದರದ ಜೀವಕೋಶಗಳು ಸತ್ತಿದ್ದವು. ತಿನ್ನುವ ದಾರಿಯಲ್ಲಿ ಮಾಡಿದ ಪರೀಕ್ಷೆ ಉಸಿರಾಡುವ ದಾರಿಗೆ ಲೆಕ್ಕಕ್ಕೆ ಬರುವುದಿಲ್ಲ. ನಮಗೆ ಇದು ಗೊತ್ತಿರಲಿಲ್ಲ. ‘ತಿನ್ನೋ ಪದಾರ್ಥ ತಾನೇ, ಮೂಸಿದರೆ ಏನಾಗುತ್ತೆ’ ಅಂದುಕೊಂಡಿದ್ದೆವು.

ಅಮೆರಿಕದವರಿಗೂ ಇದು ಗೊತ್ತಾಗಿದ್ದು ತಡವಾಗಿಯೇ. 2000ದ ಮೇ ತಿಂಗಳಲ್ಲಿ ಮಿಸೌರಿ ರಾಜ್ಯದ ಆರೋಗ್ಯ ಇಲಾಖೆಗೆ ಒಬ್ಬ ವೈದ್ಯರು ಸುದ್ದಿ ಮುಟ್ಟಿಸಿದರು. ಜಾಸ್ಪರ್ ಎಂಬ ಊರಿನ ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಎಂಟು ಜನರಿಗೆ ಒಂದೇ ಬಗೆಯ ಶ್ವಾಸಕೋಶದ ಕಾಯಿಲೆ. ಅವರಲ್ಲಿ ನಾಲ್ವರು ಆಗಲೇ ಶ್ವಾಸಕೋಶದ ಕಸಿಗಾಗಿ ಸರದಿಯಲ್ಲಿದ್ದರು. ಕಾಯಿಲೆಯ ಹೆಸರು ಬ್ರಾಂಕಿಯೊಲೈಟಿಸ್ ಒಬ್ಲಿಟರನ್ಸ್, ಜನ ಕರೆಯುವುದು ‘ಪಾಪ್‌ಕಾರ್ನ್ ಲಂಗ್’. ಶ್ವಾಸಕೋಶದ ಅತಿ ಸಣ್ಣ ನಾಳಗಳು ಗಾಯವಾಗಿ, ಗಟ್ಟಿಯಾಗಿ, ಮುಚ್ಚಿಕೊಳ್ಳುತ್ತವೆ. ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ. ಮೇಲ್ನೋಟಕ್ಕೆ ಅಸ್ತಮಾದ ಹಾಗೆ ಕಾಣುತ್ತದೆ, ಆದರೆ ಇನ್ಹೇಲರ್‌ಗೆ ಬಗ್ಗುವುದಿಲ್ಲ.

ಅಲ್ಲಿನ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯೋಶ್ ಆ ಕಾರ್ಖಾನೆಗೆ ಹೋಗಿ ಕೆಲಸಗಾರರಿಂದ ಉಸಿರು ಅಳೆಯುವ ಯಂತ್ರಕ್ಕೆ ಊದಿಸಿ ನೋಡಿತು. ಉಸಿರಿನ ಅಡಚಣೆ ಸಾಮಾನ್ಯ ಜನರಲ್ಲಿ ಇರಬೇಕಾದ್ದಕ್ಕಿಂತ 3.3 ಪಟ್ಟು ಜಾಸ್ತಿ ಇತ್ತು. ಬೀಡಿ ಸಿಗರೇಟು ಎಂದೂ ಮುಟ್ಟದವರಲ್ಲಿ 10.8 ಪಟ್ಟು. ಬಿಸಿ ಎಣ್ಣೆಯ ತೊಟ್ಟಿಗೆ ಬೆಣ್ಣೆ ಸುವಾಸನೆ ಬೆರೆಸುವವರಿಗೆ ಆವಿ ಹೆಚ್ಚು ತಾಗುತ್ತಿತ್ತು.

ಬಿಸಿ ಎಣ್ಣೆ ಎಂದು ಓದಿದಾಗ ನನಗೆ ಕೈ ತಣ್ಣಗಾಯಿತು. ನಾವು ಮಾಡುತ್ತಿದ್ದುದೂ ಅದೇ. ವನಸ್ಪತಿ ಕರಗಿಸಿ, ಅದು ಬೆಚ್ಚಗಿರುವಾಗಲೇ ಎಸೆನ್ಸ್ ಸುರಿಯುವುದು. ಅಳತೆಯ ಲೋಟ ಹಿಡಿದು ಬಗ್ಗಿದರೆ ಗಪ್ಪನೆ ಒಂದು ಘಾಟು ಮೂಗಿಗೆ ಬಡಿಯುತ್ತದೆ, ಕಣ್ಣಲ್ಲಿ ನೀರು. ಹೊರಗೆ ಕೌಂಟರಿನಲ್ಲಿ ನಿಂತವರಿಗೆ ಅದು ‘ಆಹಾ’ ಅನ್ನುವ ಘಮ. ಓವನ್‌ನಲ್ಲಿ ಅರ್ಧಕ್ಕರ್ಧ ಹಾರಿಹೋಗುತ್ತದೆಂದು ನಾವೇ ಎರಡು ಮುಚ್ಚಳ ಜಾಸ್ತಿ ಹಾಕಿಸುತ್ತಿದ್ದೆವು. ನಮ್ಮ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಮಳೆಗಾಲದಲ್ಲಿ ಹಿಟ್ಟು ತೇವವಾಗುತ್ತದೆಂದು ಅದನ್ನೂ ಮುಚ್ಚುತ್ತಿದ್ದೆವು.

ನಯೋಶ್ 2016ರಲ್ಲಿ ಸೂಚಿಸಿದ ಮಿತಿ 5 ಪಿಪಿಬಿ. ಅಂದರೆ ಎಂಟು ಗಂಟೆಯ ಕೆಲಸದಲ್ಲಿ ಸರಾಸರಿ, ಗಾಳಿಯ 100 ಕೋಟಿ ಭಾಗದಲ್ಲಿ ಡೈಅಸಿಟೈಲ್ 5 ಭಾಗ ದಾಟಬಾರದು. ಅದನ್ನು ಅಳೆಯುವ ಸಲಕರಣೆ ನಮ್ಮಂಥ ಒಂಬತ್ತು ಜನರ ಬೇಕರಿಯಲ್ಲಿ ಎಲ್ಲಿಂದ ಬರಬೇಕು? ಅಳೆಯಲು ಆಗದಿದ್ದ ಮೇಲೆ ಬಿಡುವುದೇ ಸರಿ ಅನ್ನಿಸಿತು.

ನಮ್ಮ ಹುಡುಗನ ಕೆಮ್ಮಿಗೆ ಇದೇ ಕಾರಣ ಎಂದು ನಾವು ಹೇಳುತ್ತಿಲ್ಲ, ಡಾಕ್ಟರೂ ಹೇಳಿಲ್ಲ. ಸ್ಪೈರೋಮೆಟ್ರಿ, ಅಂದರೆ ಅದೇ ಊದಿಸಿ ನೋಡುವ ಪರೀಕ್ಷೆ, ಮಾಡಿಸಿದಾಗ ಊದುವ ಶಕ್ತಿ ಸರಿಯಾಗಿಯೇ ಇತ್ತು. ಆರು ತಿಂಗಳಿಗೊಮ್ಮೆ ಒಂಬತ್ತೂ ಜನಕ್ಕೆ ಈ ಪರೀಕ್ಷೆ ಮಾಡಿಸಬೇಕೆಂದು ಗೊತ್ತು ಮಾಡಿಕೊಂಡಿದ್ದೇವೆ. ಕೋಣೆಗೆ ಗಾಳಿ ಹೊರಗೆಳೆಯುವ ಫ್ಯಾನ್ ಬಂದಿದೆ. ಮೈದಾ ಚೀಲ ಕೊಡವಿ ಸುರಿಯುವುದನ್ನೂ ನಿಲ್ಲಿಸಿದ್ದೇವೆ.

ನಡುವೆ ಇನ್ನೊಂದು ಪ್ರಸಂಗ. ನಾವು ಎಸೆನ್ಸ್ ಬಿಡುತ್ತೇವೆ ಎಂದು ತಿಳಿದ ಕೂಡಲೇ ಒಬ್ಬ ಮಾರಾಟಗಾರರು ‘ಡೈಅಸಿಟೈಲ್ ಇಲ್ಲದ’ ಬೆಣ್ಣೆ ಎಸೆನ್ಸ್‌ನ ಸ್ಯಾಂಪಲ್ ತಂದರು. ಘಮ ಅದೇ, ಬೆಲೆ ಅದೇ. ಆಸೆಯಾಯಿತು. ಅದರಲ್ಲೇನಿದೆ ಎಂದು ಹಾಳೆ ಕೇಳಿದರೆ ಎರಡು ದಿನ ಬಿಟ್ಟು ಕಳಿಸಿದರು: 2,3-ಪೆಂಟೇನ್‌ಡೈಯೋನ್. ಡೈಅಸಿಟೈಲ್‌ಗೆ ಒಂದು ಕಾರ್ಬನ್ ಹೆಚ್ಚಿಗೆ ಸೇರಿಸಿದರೆ ಇದೇ. ಇಲಿಗಳ ಶ್ವಾಸನಾಳಕ್ಕೆ ಇದೂ ಅದೇ ರೀತಿ ಹಾನಿ ಮಾಡುತ್ತದೆಂದು 2012ರ ಹೊತ್ತಿಗೇ ಗೊತ್ತಾಗಿತ್ತು. ನಯೋಶ್ ಇದಕ್ಕೂ 9.3 ಪಿಪಿಬಿ ಮಿತಿ ಸೂಚಿಸಿದೆ. ಅಣ್ಣನನ್ನು ಬಿಟ್ಟು ತಮ್ಮನನ್ನು ಕೆಲಸಕ್ಕೆ ಇಟ್ಟುಕೊಂಡ ಹಾಗೆ. ಸ್ಯಾಂಪಲ್ ವಾಪಸ್ ಕಳಿಸಿದೆವು.

ಇಷ್ಟೆಲ್ಲ ಹೇಳಿದ ಮೇಲೂ ಹೊಸ ಪ್ಯಾಕೆಟ್ ಮೇಲೆ ‘ಡೈಅಸಿಟೈಲ್ ಇಲ್ಲ’ ಎಂದು ನಾವು ಹಾಕಿಲ್ಲ, ನೋಡಿರಬಹುದು. ಯಾಕೆಂದರೆ ಇದೆ. ನಾವೀಗ ಹಾಲಿನ ಕೆನೆಯನ್ನು ಕಾಯಿಸಿ, ಆರಿಸಿ, ಹೆಪ್ಪು ಹಾಕಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಕಡೆಯುತ್ತೇವೆ. ಹೆಪ್ಪಿನಲ್ಲಿರುವ ಕೆಲವು ಬ್ಯಾಕ್ಟೀರಿಯಾ ಹಾಲಿನ ಸಿಟ್ರೇಟ್ ತಿಂದು ಡೈಅಸಿಟೈಲ್ ಮಾಡುತ್ತವೆ. ನಮ್ಮಜ್ಜಿ ಕಡೆದ ಬೆಣ್ಣೆಯಲ್ಲೂ ಅದೇ ಇತ್ತು, ನಿಮ್ಮ ಅಜ್ಜಿಯದರಲ್ಲೂ. ವ್ಯತ್ಯಾಸ ಪ್ರಮಾಣದ್ದು. ಅಂಥ ಒಂದು ಕಿಲೋ ಬೆಣ್ಣೆಯಲ್ಲಿ ಇರುವುದು ಕೆಲವು ಮಿಲಿಗ್ರಾಂ. ಆ ಕ್ಯಾನಿನ ಒಂದು ಕಿಲೋದಲ್ಲಿ ಇದ್ದದ್ದು 40 ಗ್ರಾಂ. ಹಾಗಾಗಿ ಪ್ಯಾಕೆಟ್ ಮೇಲೆ ‘ಎಸೆನ್ಸ್ ಹಾಕಿಲ್ಲ’ ಎಂದಷ್ಟೇ ಬರೆದಿದ್ದೇವೆ. (ಹಾಸನದ ಕಡೆ ಕಾಫಿ ಹುರಿದು ಪುಡಿ ಮಾಡುವ ಸ್ನೇಹಿತರು ನಮಗೆ ಬಹಳ ಇದ್ದಾರೆ. ಹುರಿಯುವಾಗ, ಪುಡಿ ಮಾಡುವಾಗ ಕಾಫಿಯಿಂದಲೂ ಡೈಅಸಿಟೈಲ್ ಹೊರಬರುತ್ತದೆ, ಸುವಾಸನೆ ಏನೂ ಬೆರೆಸದಿದ್ದರೂ. ಮಿಲ್ಲಿನ ಕಿಟಕಿ ತೆಗೆದಿಡಿ ಎಂದು ಅವರಿಗೂ ಹೇಳಿದ್ದೇವೆ.)

ಮೈಕ್ರೋವೇವ್ ಪಾಪ್‌ಕಾರ್ನ್ ಬಗ್ಗೆ ಇಬ್ಬರು ಕೇಳಿದ್ದಾರೆ. ಅಮೆರಿಕದ ದೊಡ್ಡ ತಯಾರಕರು 2007ರ ಹೊತ್ತಿಗೆ ಡೈಅಸಿಟೈಲ್ ಬಿಡಲು ಶುರು ಮಾಡಿದರು. ಅಲ್ಲಿ ವರ್ಷಗಟ್ಟಲೆ ದಿನಾ ಪಾಪ್‌ಕಾರ್ನ್ ಮಾಡಿಕೊಂಡು ಆ ಬಿಸಿ ಆವಿ ಉಸಿರಾಡಿದ ಒಬ್ಬ ಗ್ರಾಹಕರಿಗೂ ಇಂಥದೇ ಕಾಯಿಲೆ ಕಂಡಿತ್ತು. ಅಪರೂಪಕ್ಕೆ ಮಾಡುವವರಿಗೆ ಭಯ ಬೇಡ, ಬಿಸಿ ಚೀಲವನ್ನು ಮುಖದ ಹತ್ತಿರ ಹಿಡಿದು ಒಡೆಯಬೇಡಿ ಅಷ್ಟೇ.

ನಮ್ಮ ಉಳಿದ ತಿಂಡಿಗಳು ಮೊದಲಿನಂತೆಯೇ ಇವೆ. ಖಾರ ಬಿಸ್ಕತ್ತು, ರಸ್ಕ್, ಕೊಬ್ಬರಿ ಬಿಸ್ಕತ್ತಿಗೆ ಯಾವತ್ತೂ ಎಸೆನ್ಸ್ ಹಾಕಿದ್ದಿಲ್ಲ. ಕೇಕಿಗೆ ವೆನಿಲಾ ಹಾಕುತ್ತೇವೆ, ಮುಂದೆಯೂ ಹಾಕುತ್ತೇವೆ. ಆ ವೆನಿಲಾದ ಹಾಳೆ ತರಿಸಿ ನೋಡಿದ್ದೇವೆ, ಅದರಲ್ಲಿ ಡೈಅಸಿಟೈಲೂ ಇಲ್ಲ, ಪೆಂಟೇನ್‌ಡೈಯೋನೂ ಇಲ್ಲ. ಆದರೂ ಫ್ಯಾನ್ ಹಾಕದೆ ಮುಚ್ಚಳ ತೆಗೆಯಬಾರದು ಎಂದು ಗೋಡೆಗೆ ಬರೆದು ಅಂಟಿಸಿದ್ದೇವೆ.

ಬೆಣ್ಣೆ ಬಿಸ್ಕತ್ತು ಮಾತ್ರ ಈಗ ಸ್ವಲ್ಪ ನಾಜೂಕು. ಬಣ್ಣ ಪೇಲವ, ಬಾಯಲ್ಲಿ ಬೇಗ ಕರಗುತ್ತದೆ, ಕೊರಿಯರ್‌ನಲ್ಲಿ ಒಂದಿಷ್ಟು ಒಡೆಯುತ್ತದೆ. 60 ದಿನ ಇಡಬಹುದಾಗಿದ್ದು ಈಗ 30 ದಿನ. ಬೇಸಿಗೆಯಲ್ಲಿ ಡಬ್ಬಿ ಬಿಗಿಯಾಗಿ ಮುಚ್ಚದಿದ್ದರೆ ಅದಕ್ಕೂ ಮೊದಲೇ ಕಮಟು ವಾಸನೆ ಬರಬಹುದು. ಘಮವೂ ಪ್ಯಾಕೆಟ್ ಒಡೆದ ಕೂಡಲೇ ಬಡಿಯುವುದಿಲ್ಲ, ಅಗಿಯುವಾಗ ಬರುತ್ತದೆ. ಮಾಟುಂಗಾದ ಹಿರಿಯರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ‘ಹಾಗಾದ್ರೆ ಕಾಫೀಲಿ ಅದ್ದಬಾರದು ಅನ್ನು’ ಅಂದರು. ಅದ್ದಿ ನೋಡಿದ್ದೇವೆ, ಮೂರು ಎಣಿಸುವಷ್ಟರಲ್ಲಿ ಲೋಟದ ತಳ ಸೇರುತ್ತದೆ.

ಹೊಸ ಬೆಲೆಗೆ ಬೇಡ ಅನ್ನುವವರು, ಈ ತಿಂಗಳ ಕೊನೆಯೊಳಗೆ ತಿಳಿಸಿದರೆ ಮುಂಗಡ ಕೊಟ್ಟ ಹಣ ಪೂರ್ತಿ ವಾಪಸ್ ಮಾಡುತ್ತೇವೆ. ಒಡೆದು ಬಂದ ಪ್ಯಾಕೆಟ್ಟಿನ ಫೋಟೋ ಕಳಿಸಿ, ಮುಂದಿನ ಆರ್ಡರ್‌ನಲ್ಲಿ ಇನ್ನೊಂದು ಪ್ಯಾಕೆಟ್ ಸೇರಿಸುತ್ತೇವೆ.

ನಿಮ್ಮ ವಿಶ್ವಾಸಿ,
ಬೇಕರಿಯ ಒಂಬತ್ತು ಜನರ ಪರವಾಗಿ