ತಾತನ ಪೇಂಟಿಂಗ್ ಎಕ್ಸಿಬಿಷನ್‌ಗೆ ಕೊಡೋ ವಿಷ್ಯ

ಎಲ್ರಿಗೂ ನಮಸ್ಕಾರ, ಹಾಲ್‌ನಲ್ಲಿರೋ ತಾತನ ಆಯಿಲ್ ಪೇಂಟಿಂಗನ್ನ ಮೈಸೂರಲ್ಲೇ ಒಂದು ಚಿತ್ರಕಲಾ ಪ್ರದರ್ಶನಕ್ಕೆ ಮೂರು ವಾರಕ್ಕೆ ಕೇಳಿದಾರೆ, ದೊಡ್ಡಪ್ಪ ಹೂಂ ಅಂದಿದಾರೆ, ಅತ್ತೆ ಮಾತ್ರ ಗೋಡೆ ಖಾಲಿ ಬಿಡಬಾರ್ದು ಅಂತಾರೆ, ಅಲ್ಲಿ ತಾತಂದೇ ಫೋಟೋ ಒಂದು ಹಾಕಿದ್ರಾಯ್ತು ಬಿಡಿ ಅತ್ತೆ.

ಲೋನ್ ಪತ್ರ (ಪೇಂಟಿಂಗ್ ಎರವಲು ಕೊಡೋ ಒಪ್ಪಂದ) ಸೈನ್ ಆಗೋವರ್ಗೂ ಯಾರೂ ಅದನ್ನ ಗೋಡೆಯಿಂದ ಇಳಿಸ್ಬೇಡಿ. ಅದ್ರಲ್ಲಿ ವಾಪಸ್ ಕೊಡೋ ದಿನ, ಸಾಗಣೆ ಖರ್ಚು, ಇನ್ಶೂರೆನ್ಸ್ ಎಲ್ಲ ಇರ್ಬೇಕು, ಇನ್ಶೂರೆನ್ಸ್ ನಮ್ಮನೆ ಮೊಳೆಯಿಂದ ಬಿಚ್ಚಿದಾಗಿಂದ ಹಿಡ್ದು ವಾಪಸ್ ಅದೇ ಮೊಳೆಗೆ ನೇತಾಕೋವರ್ಗೂ ಇರ್ಬೇಕು, ಬರೀ ಪ್ರದರ್ಶನದ ಹಾಲ್‌ನಲ್ಲಿ ಇರೋ ದಿನಕ್ಕಷ್ಟೇ ಅಂದ್ರೆ ಒಪ್ಪಲ್ಲ. ಭಾನುವಾರ ನಾನು ಮುಂದೆ ಹಿಂದೆ, ಫ್ರೇಮ್ ಮೂಲೆ, ಬಣ್ಣ ಬಿರುಕು ಬಿಟ್ಟಿರೋ ಜಾಗ ಎಲ್ಲ ಫೋಟೋ ತೆಗಿತೀನಿ, ಆಮೇಲೆ ಇದು ಮೊದ್ಲೇ ಇತ್ತು ಅಂತ ಯಾರೂ ಹೇಳೋಹಂಗಿಲ್ಲ.

ಚಿಕ್ಕಪ್ಪ, ದಯವಿಟ್ಟು ಒದ್ದೆ ಬಟ್ಟೇಲಿ ಒರೆಸ್ಬೇಡಿ!! ಬಬಲ್ ರ‍್ಯಾಪೂ ಬಣ್ಣಕ್ಕೆ ನೇರ ತಾಗಬಾರ್ದು, ಗುಳ್ಳೆ ಗುರುತು ಕೂತ್ಬಿಡುತ್ತೆ.

ಲೈಟಿಂದ ಬಣ್ಣ ಹೋಗಲ್ವಾ ಅಂತ ಕೇಳಿದ್ರಿ. ಆಯಿಲ್‌ಗೆ ಸಾಮಾನ್ಯವಾಗಿ 200 ಲಕ್ಸ್‌ವರ್ಗೂ (ಲಕ್ಸ್ ಅಂದ್ರೆ ಮೇಲೆ ಬೀಳೋ ಬೆಳಕಿನ ಅಳತೆ) ಪರ್ವಾಗಿಲ್ಲ, ವಾಟರ್‌ಕಲರ್‌ಗಾದ್ರೆ 50. ಜಗನ್ಮೋಹನ ಅರಮನೇಲಿ ದೀಪ ಹಿಡ್ಕೊಂಡಿರೋ ಹೆಂಗಸಿನ ಚಿತ್ರ ಇದ್ಯಲ್ಲ, ಹಲ್ದಂಕರ್ ಅವ್ರದ್ದು, ಅದು ವಾಟರ್‌ಕಲರ್ರೇ (ಚಿಕ್ಕಪ್ಪ ಇವತ್ತಿಗೂ ರವಿವರ್ಮಂದು ಅಂತ್ಲೇ ವಾದ ಮಾಡ್ತಾರೆ).

ಪ್ರದರ್ಶನದಲ್ಲಿ ನಮ್ಮ ಪೇಂಟಿಂಗ್ ಕೆಳಗಡೆ ಹಾಕೋ ಚೀಟೀಲಿ ತಾತನ ಹೆಸ್ರು ಹಾಕ್ಬೇಕಾ, ‘ಖಾಸಗಿ ಸಂಗ್ರಹ’ ಅಂತಷ್ಟೇ ಸಾಕಾ, ಶನಿವಾರ ರಾತ್ರಿಯೊಳ್ಗೆ ಇಲ್ಲೇ ಹೇಳಿ, ಥಂಬ್ಸ್ ಅಪ್ ಹಾಕಿದ್ರೆ ಯಾವ್ದಕ್ಕೆ ಅಂತ ಗೊತ್ತಾಗಲ್ಲ.