ಬೇಸರವನ್ನೂ ಡಾಕ್ಟರಿಗೆ ಹೇಳು: ಡಯಾಲಿಸಿಸ್‌ನಲ್ಲಿರುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು, "ವಾರಕ್ಕೆ ಮೂರು ಸಲ ಮಿಷನ್ನಿಗೆ ಕೈ ಕೊಟ್ಟು ಮಲಗುವವನಿಗೆ ಬೇಸರವಲ್ಲದೆ ಇನ್ನೇನಿರುತ್ತದೆ ಮಾರಾಯ" ಎಂದೆ. ಡಯಾಲಿಸಿಸ್ ಸಿಟಿಂಗ್ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದವನನ್ನು ಮತ್ತೆ ಮಾತಿಗೆಳೆಯುವುದು ಸರಿಯಲ್ಲವೆಂದು ಸುಮ್ಮನಾದೆ. ಆದರೆ ಆ ಮಾತಿಗೆ ಉತ್ತರ ಹೇಳದೆ ಇರಲಾಗುತ್ತಿಲ್ಲ. ನಮ್ಮಂತೆ ಇದೇ ದಾರಿಯಲ್ಲಿರುವ ಇನ್ನೂ ನಾಲ್ಕು ಜನ ಓದಲೆಂದು, ನಿನ್ನ ಒಪ್ಪಿಗೆ ಪಡೆದು, ಹೆಸರು ಊರು ಬಿಟ್ಟು ಬರೆಯುತ್ತಿದ್ದೇನೆ.

ನಿನ್ನ ಬೇಸರ ಸಹಜವಾದುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಹಜವೆಂದ ಮಾತ್ರಕ್ಕೆ ಅದಕ್ಕೆ ಚಿಕಿತ್ಸೆ ಬೇಡವೆಂದು ನೀನು ತೀರ್ಮಾನಿಸಿಕೊಂಡಿದ್ದೀಯಲ್ಲ, ನನ್ನ ತಕರಾರಿರುವುದು ಅಲ್ಲಿ. ಕಿಡ್ನಿ ಸೋತವರಿಗೆ ಹಿಮೋಗ್ಲೋಬಿನ್ ಇಳಿಯುವುದೂ ಸಹಜವೇ. ಹಾಗೆಂದು ಅದನ್ನು ಏರಿಸುವ ಎರಿಥ್ರೊಪೊಯೆಟಿನ್ ಇಂಜೆಕ್ಷನ್ ಬೇಡವೆಂದು ನೀನೂ ಹೇಳುವುದಿಲ್ಲ, ಡಾಕ್ಟರೂ ಹೇಳುವುದಿಲ್ಲ. ಡಯಾಲಿಸಿಸ್‌ನಲ್ಲಿರುವವರಲ್ಲಿ ಸುಮಾರು ನಾಲ್ಕೈದು ಮಂದಿಗೆ ಒಬ್ಬರನ್ನು ಖಿನ್ನತೆ ಕಾಡುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಅಂದರೆ ನಮ್ಮ ಸೆಂಟರಿನ ಒಂದು ಪಾಳಿಯಲ್ಲಿ ಹತ್ತು ಹಾಸಿಗೆಗಳಿದ್ದರೆ ಅವುಗಳಲ್ಲಿ ಎರಡರಲ್ಲಾದರೂ ಈ ಎರಡನೆಯ ಕಾಯಿಲೆಯೂ ಮಲಗಿರುತ್ತದೆ, ಮತ್ತು ಬಹುಪಾಲು ಅದರ ವಿಷಯ ಫೈಲಿನಲ್ಲಿ ಎಲ್ಲಿಯೂ ಬರೆದಿರುವುದಿಲ್ಲ.

ಬರೆಯದೆ ಇರುವುದಕ್ಕೆ ಕಾರಣವೂ ಇದೆ. ಖಿನ್ನತೆಯಲ್ಲಿ ಸುಸ್ತು, ನಿದ್ದೆಗೇಡು, ಹಸಿವಿಲ್ಲದಿರುವುದು, ಯಾವುದರಲ್ಲಿಯೂ ಗಮನ ನಿಲ್ಲದಿರುವುದು ಎಲ್ಲ ಕಾಣಿಸಿಕೊಳ್ಳುತ್ತವೆ. ಕಿಡ್ನಿ ಹೊರಹಾಕಬೇಕಾದ ಯೂರಿಯಾ ರಕ್ತದಲ್ಲಿ ಏರಿದಾಗಲೂ ಇವೇ ಲಕ್ಷಣಗಳು. ರಾತ್ರಿಯೆಲ್ಲ ಮೈ ತುರಿಕೆ, ಕಾಲುಗಳ ಚಡಪಡಿಕೆ ಇದ್ದವನು ನಿದ್ದೆಯಿಲ್ಲವೆಂದರೆ ಎಲ್ಲರೂ ಕಿಡ್ನಿಯ ಕಡೆಗೇ ಬೆರಳು ತೋರಿಸುತ್ತಾರೆ. ಹಾಗಾಗಿ ನಾನು ನಿನ್ನ ಸುಸ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ನಾನು ಕೇಳುವುದು ಡಯಾಲಿಸಿಸ್ ಇಲ್ಲದ ದಿನದ ವಿಷಯ, ಮೈಯಲ್ಲಿ ನೀರು ತುಂಬಿರದ, ಬಿಪಿ ಸರಿಯಾಗಿರುವ, ಸಾಕಷ್ಟು ಹಗುರವಾದ ಒಂದು ಬೆಳಗಿನ ವಿಷಯ. ತೋಟಕ್ಕೆ ಒಂದು ಸುತ್ತು ಹಾಕದೆ ಕಾಫಿ ಲೋಟ ಮುಟ್ಟದಿದ್ದವನು ನೀನು. ಈ ವರ್ಷ ಅಡಿಕೆ ಕೊನೆಕೊಯ್ಲಿನ ದಿನವೂ ಜಗಲಿ ಬಿಟ್ಟು ಇಳಿಯಲಿಲ್ಲವೆಂದೂ, ಆಳುಗಳು ಬಂದು ಕೇಳಿದರೆ "ಏನಾದರೂ ಮಾಡಿಕೊಳ್ಳಿ" ಎಂದೆಯೆಂದೂ ಅತ್ತಿಗೆ ಹೇಳಿದರು. ಇದು ಯೂರಿಯಾದ ಕೆಲಸವೆಂದು ನನಗನ್ನಿಸುವುದಿಲ್ಲ.

ನನ್ನನ್ನು ಹೆಚ್ಚು ಹೆದರಿಸಿದ ಸಂಗತಿ ಇನ್ನೊಂದು. ಬೆಳಿಗ್ಗೆ ಎದ್ದೊಡನೆ ಮೊಣಕೈಯ ಕೆಳಗೆ, ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾದ ಮೇಲೆ ಎರಡು ಬೆರಳಿಟ್ಟು, ಚರ್ಮದಡಿ ರಕ್ತ ಗುಂಯ್‌ಗುಡುತ್ತ ಹರಿಯುವ ಆ ಸಣ್ಣ ನಡುಕ ಇದೆಯೋ ಇಲ್ಲವೋ ನೋಡಿಕೊಳ್ಳಬೇಕೆಂದು ಸಿಸ್ಟರ್ ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಅದು ನಿಂತರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ನೀನು ಅದನ್ನು ನೋಡುವುದನ್ನೇ ಬಿಟ್ಟಿದ್ದೀಯಂತೆ. ಕುಡಿಯುವ ನೀರಿನ ಲೆಕ್ಕವನ್ನೂ ಬಿಟ್ಟಿದ್ದೀಯಂತೆ. ಮನಸ್ಸು ಕುಸಿದಾಗ ಮೊದಲು ಕೈಬಿಡುವುದು ಇಂಥವನ್ನೇ. ಅಳತೆ ತಪ್ಪಿ ನೀರು ಕುಡಿದರೆ ಮುಂದಿನ ಸಲ ತೂಕದ ಯಂತ್ರದ ಮೇಲೆ ನಿಂತಾಗ, ಮೈಯ ಹೆಚ್ಚಿನ ನೀರೆಲ್ಲ ಹೋದ ಮೇಲಿನ ತೂಕವಾದ ಡ್ರೈ ವೆಯ್ಟ್‌ಗಿಂತ ನಾಲ್ಕು ಕಿಲೋ ಹೆಚ್ಚು ಕಾಣಿಸುತ್ತದೆ. ನಾಲ್ಕು ಗಂಟೆಯೊಳಗೆ ಅಷ್ಟನ್ನೂ ಎಳೆಯಹೊರಟರೆ ಬಿಪಿ ಕುಸಿಯುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ, ಮನೆಗೆ ಬಂದವನು ಮಾರನೆಯ ದಿನದವರೆಗೂ ತಲೆಯೆತ್ತಲಾರ. ಆ ಯಾತನೆಯ ನೆನಪಿನಲ್ಲಿ ಮುಂದಿನ ಸಿಟಿಂಗ್ ತಪ್ಪಿಸೋಣವೆನಿಸುತ್ತದೆ, ತಪ್ಪಿಸಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೇ ಕುತ್ತು ಬರುತ್ತದೆ. ಕಳೆದ ತಿಂಗಳು ನೀನು ಸಿಟಿಂಗ್ ತಪ್ಪಿಸಿದ್ದನ್ನು ಎಲ್ಲರೂ ಉಡಾಫೆ ಎಂದು ಬೈದರು. ನನಗೆ ಅದು ಉಡಾಫೆಯಾಗಿ ಕಾಣಲಿಲ್ಲ, ರೋಗದ ಲಕ್ಷಣವಾಗಿ ಕಂಡಿತು.

ಡಾಕ್ಟರ ಹತ್ತಿರ ಇದನ್ನು ಹೇಗೆ ಹೇಳುವುದೆಂದು ಸಂಕೋಚವಾದರೆ ಒಂದು ಉಪಾಯವಿದೆ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಬೇಕೆಂದು ಕೇಳು. ಕಳೆದ ಎರಡು ವಾರಗಳಲ್ಲಿ ಯಾವುದು ಎಷ್ಟು ದಿನ ಕಾಡಿತೆಂದು ಸೊನ್ನೆಯಿಂದ ಮೂರರವರೆಗೆ ಅಂಕ ಹಾಕುತ್ತ ಹೋಗಬೇಕು. ಒಟ್ಟು 27ರಲ್ಲಿ 10 ಅಥವಾ ಹೆಚ್ಚು ಬಂದರೆ ವಿಚಾರಿಸಿ ನೋಡಬೇಕೆಂದು ಅರ್ಥ. ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್‌ನಂತೆ ಇದಕ್ಕೂ ಒಂದು ಸಂಖ್ಯೆ ಇದ್ದರೆ ನಮ್ಮಂಥವರಿಗೆ ಬಾಯಿ ಬಿಡುವುದು ಸುಲಭ. ಚಿಕಿತ್ಸೆಯೂ ಇದೆ. ಅಮೆರಿಕದಲ್ಲಿ 120 ಡಯಾಲಿಸಿಸ್ ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೆಲವರಿಗೆ ಖಿನ್ನತೆಗೆ ಕೊಡುವ ಸರ್ಟ್ರಾಲಿನ್ ಮಾತ್ರೆ ಕೊಟ್ಟರು, ಉಳಿದವರಿಗೆ ಡಯಾಲಿಸಿಸ್ ನಡೆಯುತ್ತಿರುವಾಗಲೇ ಪಕ್ಕದಲ್ಲಿ ಕುಳಿತು ಮಾತಿನ ಚಿಕಿತ್ಸೆ ಕೊಟ್ಟರು. ಹನ್ನೆರಡು ವಾರಗಳಲ್ಲಿ ಎರಡೂ ಗುಂಪಿನವರು ಚೇತರಿಸಿಕೊಂಡರು. ಮಾತ್ರೆಯ ಗುಣ ತುಸು ಹೆಚ್ಚಿತ್ತು, ಅಡ್ಡಪರಿಣಾಮವೂ ಹೆಚ್ಚಿತ್ತು. ಆದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತಂದುಕೊಳ್ಳಬೇಡ. ಕಿಡ್ನಿ ಸೋತವರಿಗೆ ಆಗದ ಮಾತ್ರೆಗಳಿವೆ, ಪ್ರಮಾಣ ಇಳಿಸಿ ಕೊಡಬೇಕಾದವೂ ಇವೆ; ಮನೋವೈದ್ಯರಿಗೆ ಡಯಾಲಿಸಿಸ್ ಫೈಲು ತೋರಿಸಿಯೇ ಬರೆಸಿಕೊಳ್ಳಬೇಕು. ಗುಣ ಕಾಣಲು ಕೆಲವು ವಾರಗಳೇ ಬೇಕು, ನಾಲ್ಕು ದಿನಕ್ಕೆ ಏನೂ ಆಗಲಿಲ್ಲವೆಂದು ಬಿಡಬಾರದು.

ಆ ಪಟ್ಟಿಯ ಒಂಬತ್ತನೆಯ ಪ್ರಶ್ನೆ, ಬದುಕಿರುವುದಕ್ಕಿಂತ ಸಾಯುವುದೇ ಮೇಲೆಂದು ಅನಿಸಿತ್ತೇ ಎಂಬುದು. ಅದನ್ನು ನಾನೇ ನಿನ್ನನ್ನು ನೇರವಾಗಿ ಕೇಳುತ್ತಿದ್ದೇನೆ. "ಮನೆಯವರಿಗೆ ಹೊರೆಯಾದೆ" ಎಂದು ನೀನು ಎರಡು ಸಲ ಹೇಳಿದ್ದರಿಂದ ಕೇಳುತ್ತಿದ್ದೇನೆ. ಹೌದಾದರೆ ಎಷ್ಟು ಹೊತ್ತಾಗಿದ್ದರೂ ನನಗೆ ಫೋನ್ ಮಾಡು. ನನ್ನೊಡನೆ ಆಡಲಾಗದ ಮಾತಾದರೆ 14416ಕ್ಕೆ ಮಾಡು. ಅದು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆ. ಹಗಲೂ ರಾತ್ರಿಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ಅತ್ತಿಗೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಬೇಳೆ ಅಳೆದು, ತರಕಾರಿ ಕುದಿಸಿ ನೀರು ಬಸಿದು, ಪೊಟ್ಯಾಸಿಯಂ ಹೆಚ್ಚಿರುವ ಎಳನೀರು ಬಾಳೆಹಣ್ಣುಗಳನ್ನು ನಿನ್ನ ಕಣ್ಣಿಗೆ ಬೀಳದಂತೆ ಎತ್ತಿಡುವ ಅವರಿಗೂ ದಣಿವಿದೆ. ನೀನು ಮಾತಾಡದಿದ್ದರೆ ತಮ್ಮಿಂದಲೇ ಏನೋ ತಪ್ಪಾಯಿತೆಂದು ಅವರು ತಿಳಿಯುತ್ತಾರೆ. ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಒಳಗೆ ಕರೆದುಕೋ.

ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಹೊರಡುವ ಮುಂಚೆ ಒಮ್ಮೆ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿಕೋ. ನಿನ್ನ ಸಿಟಿಂಗ್ ಸೋಮ, ಬುಧ, ಶುಕ್ರ, ನನ್ನದೂ ಅದೇ. ಹಾಗಾಗಿ ಮಂಗಳವಾರ ಬೆಳಗಿನ ಬಸ್ಸಿಗೆ ನಾನು ಬರುತ್ತೇನೆ. ಫೈಲು, ಕಳೆದ ತಿಂಗಳ ರಕ್ತಪರೀಕ್ಷೆಯ ರಿಪೋರ್ಟು, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ಇವಿಷ್ಟನ್ನು ತೆಗೆದಿಟ್ಟಿರು.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ ನಿನ್ನ,
ಗೆಳೆಯ